ಹೇಳದೆ ಹೋದ ಅಮ್ಮ, ಎತ್ತದ ಫೋನು: ಎಂಟು ವಾರಗಳ ದಂಪತಿ ಸಮಾಲೋಚನೆಯ ವಿಮರ್ಶೆ

ಬೆಂಗಳೂರಿನ ಒಂದು ಖಾಸಗಿ ಆಪ್ತಸಮಾಲೋಚನಾ ಕೇಂದ್ರಕ್ಕೆ ನಾನೂ ನನ್ನ ಪತಿಯೂ ವಾರಕ್ಕೊಂದು ಗಂಟೆಯಂತೆ ಎಂಟು ವಾರ ಹೋಗಿಬಂದೆವು. ಶುಲ್ಕ ಗಂಟೆಗೆ 1,500 ರೂಪಾಯಿ. ಪತಿ ಫೋನ್ ಎತ್ತದಿದ್ದರೆ ನಾನು ಹತ್ತು ನಿಮಿಷದಲ್ಲಿ ಹನ್ನೊಂದು ಬಾರಿ ಕರೆ ಮಾಡುತ್ತಿದ್ದೆ, ಕೊನೆಗೆ ಸಿಕ್ಕಾಗ ಎರಡು ದಿನ ಮಾತು ಬಿಡುತ್ತಿದ್ದೆ. ಇದನ್ನು ಅವರು ಅನುಮಾನವೆಂದೇ ತಿಳಿದಿದ್ದರು, ನಾನೂ ಹಾಗೆಯೇ ನಂಬಿದ್ದೆ.

ಮೊದಲ ದಿನ ಮೊಬೈಲಿನಲ್ಲಿ ತುಂಬಿಸಿಕೊಂಡ ಪ್ರಶ್ನಾವಳಿಯಿಂದ ‘ಆತಂಕದ ಬಾಂಧವ್ಯ’ (ಆಪ್ತರು ಬಿಟ್ಟುಹೋದಾರೆಂಬ ಭಯ ಬೆರೆತ ನಂಟು) ಎಂಬ ಹಣೆಪಟ್ಟಿಯೊಂದು ಸಿಕ್ಕಿತೇ ಹೊರತು ಬೇರೇನೂ ದಕ್ಕಲಿಲ್ಲ. ಇಂಥ ವಿಂಗಡಣೆಗೆ ಬುನಾದಿ ಹಾಕಿದ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಸುಮಾರು 20 ನಿಮಿಷ ಗಮನಿಸುವಾಗ, ತಾಯಿ ಹೊರಗೆ ಹೋದಾಗ ಮಗು ಅತ್ತಿತೇ ಎಂಬುದಕ್ಕಿಂತ ಅವಳು ಮರಳಿದಾಗ ಏನು ಮಾಡಿತು ಎಂಬುದಕ್ಕೆ ಹೆಚ್ಚು ತೂಕ ಕೊಟ್ಟಿದ್ದರು. ಅಷ್ಟು ಸೂಕ್ಷ್ಮವಾದ ನೋಟವನ್ನು ಟಿಕ್ ಗುರುತುಗಳಿಗೆ ಇಳಿಸುವುದು ನ್ಯಾಯವಲ್ಲ.

ಮೂರನೆಯ ವಾರ ಮಾತ್ರ ಕೊಟ್ಟ ಹಣಕ್ಕೆ ನೂರು ಪಾಲು ಬೆಲೆಯುಳ್ಳದ್ದು. 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞೆ ಮೇರಿ ಮೇನ್ ಮತ್ತು ಸಂಗಡಿಗರು ಬಾಲ್ಯದ ಬಾಂಧವ್ಯವನ್ನು ಅರಿಯಲು ವಯಸ್ಕರಿಗಾಗಿ ರೂಪಿಸಿದ ಸಂದರ್ಶನದ ಒಂದು ಪ್ರಶ್ನೆಯನ್ನು ಸಮಾಲೋಚಕಿ ಎತ್ತಿಕೊಂಡರು: ಬಾಲ್ಯದಲ್ಲಿ ತಾಯಿಯೊಂದಿಗಿದ್ದ ಸಂಬಂಧವನ್ನು ಐದು ಪದಗಳಲ್ಲಿ ಹೇಳಿ, ಒಂದೊಂದು ಪದಕ್ಕೂ ಒಂದು ಘಟನೆ ಕೊಡಿ. ‘ಪ್ರೀತಿ’ ಎಂದವಳು ಘಟನೆ ಹುಡುಕಲು ಹೋಗಿ ತಡವರಿಸಿದೆ. ನನಗೆ ನಾಲ್ಕು ವರ್ಷವಾಗಿದ್ದಾಗ, ಬಾಣಂತನ ಮುಗಿಸಿ ತಂಗಿಯನ್ನೆತ್ತಿಕೊಂಡು ಊರಿಗೆ ಮರಳುವ ದಿನ ಅಮ್ಮ, ನಾನು ಅತ್ತು ರಂಪ ಮಾಡಿಯೇನೆಂದು ಹೆದರಿ, ಮೊಸರನ್ನ ತಿನ್ನಿಸಿ ಮಲಗಿಸಿ, ನಿದ್ದೆ ಹತ್ತಿದ ಮೇಲೆ ಬಸ್ಸು ಹಿಡಿದಿದ್ದಳು. ಎದ್ದು ನೋಡಿದರೆ ಗೂಟದಲ್ಲಿ ಅವಳ ಚೀಲವಿರಲಿಲ್ಲ. ‘ಅಂಗಡಿಗೆ ಹೋಗ್ಯಾಳ, ಈಗ ಬರ್ತಾಳ’ ಎಂದರು ಅಜ್ಜಿ. ಅವಳು ಬಂದದ್ದು ಐದು ತಿಂಗಳ ಮೇಲೆ.

ಸಮಾಲೋಚಕಿ ಅಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಲಿಲ್ಲ. ಇದಕ್ಕಾಗಿ ನಾನು ಅವರಿಗೆ ಋಣಿ. ಕಷ್ಟದ ಬಾಲ್ಯ ಕಂಡವರೂ ಅದನ್ನು ಮುಚ್ಚಿಡದೆ, ಅದರಲ್ಲೇ ಮುಳುಗದೆ ಹೇಳಿಕೊಳ್ಳಬಲ್ಲವರಾದಾಗ ಭದ್ರವಾದ ಸಂಬಂಧ ಕಟ್ಟಿಕೊಂಡದ್ದನ್ನು ಸಂಶೋಧಕರು ಕಂಡಿದ್ದಾರೆಂದು ತಿಳಿಸಿ, ಅದೇ ಘಟನೆಯನ್ನು ನನ್ನಿಂದ ಮೂರು ವಾರ, ಪತಿಯ ಎದುರಿನಲ್ಲಿಯೇ, ನಿಧಾನವಾಗಿ ಹೇಳಿಸಿದರು.

ಆರನೆಯ ವಯಸ್ಸಿಗೇ ಹಾಸ್ಟೆಲ್ ಸೇರಿ, ಅತ್ತರೂ ಯಾರೂ ಬರುವುದಿಲ್ಲವೆಂದು ಕಲಿತ ನನ್ನ ಪತಿಯ ಮೌನಕ್ಕೆ ಸಿಕ್ಕಿದ್ದು ಒಂದೇ ಗಂಟೆ. ಇದು ದೊಡ್ಡ ಕೊರತೆ. ಪಕ್ಕದ ಕೋಣೆಯ ಮಾತು ಗೋಡೆಯಾಚೆ ಕೇಳಿಸುತ್ತಿದ್ದದ್ದೂ ಸರಿಯಲ್ಲ. ಆದರೂ ದಂಪತಿಗಳಿಗೆ ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ. ಪತಿ ಈಗ ಬೆಳಗಿನ ಐದಕ್ಕೆ ಹಾಲು ತರಲು ಹೊರಟರೂ ನನ್ನನ್ನು ಎಬ್ಬಿಸಿ, ಹೇಳಿ ಹೋಗುತ್ತಾರೆ.