ಅಂಗಡಿ ಬ್ರಾಂಡಿನ ಟೂಲ್‌ಕಿಟ್ಟೋ, ನಾಗದೇವಿ ಬೀದಿಯ ಬಿಡಿ ಉಪಕರಣವೋ?

ಮುಂಬಯಿ ಬಳಿಯ ಡೊಂಬಿವಲಿಯಲ್ಲೋ ಠಾಣೆಯಲ್ಲೋ ಹೊಸದಾಗಿ ಮನೆ ಮಾಡಿದ ನಮ್ಮವರಿಗೆ ಸೂಪರ್‌ಮಾರ್ಕೆಟ್‌ನ ಸ್ವಂತ ಬ್ರಾಂಡಿನ ಟೂಲ್‌ಕಿಟ್ ಕಣ್ಣಿಗೆ ಬೀಳುತ್ತದೆ. ಇಡೀ ಡಬ್ಬಿ ಬೇಡ, ಆರಿಸಿ ಕೊಳ್ಳಿ.

ಸುತ್ತಿಗೆ, ಅಳತೆ ಟೇಪು ಅಗ್ಗದ್ದೇ ಸಾಕು. ಸುತ್ತಿಗೆಯ ತಲೆ ಅಲ್ಲಾಡದಿದ್ದರೆ ಆಯಿತು.

ಸ್ಕ್ರೂಡ್ರೈವರ್ ವಿಷಯ ಬೇರೆ. ಅಗ್ಗದ್ದರ ತುದಿ ಎಷ್ಟೋ ಸಲ ಮೆತ್ತಗಿರುತ್ತದೆ; ಬಿಗಿದ ಸ್ಕ್ರೂ ತಿರುಗಿಸುವಾಗ ತಾನೂ ಸವೆದು ಸ್ಕ್ರೂವಿನ ತಲೆಯನ್ನೂ ಹಾಳುಮಾಡುತ್ತದೆ. ಮೇಲೆ ‘ಕ್ರೋಮ್ ವೆನೇಡಿಯಂ’ (ಒಂದು ಬಗೆಯ ಮಿಶ್ರಲೋಹದ ಉಕ್ಕು) ಎಂದಿದ್ದರೆ ಸಾಲದು, ಉಕ್ಕನ್ನು ಸರಿಯಾಗಿ ಕಾಯಿಸಿ ಗಟ್ಟಿಮಾಡಿರಬೇಕು. ಟಪಾರಿಯಾದಂಥ ಹೆಸರಾಂತ ಕಂಪನಿಯದಕ್ಕೆ ಹೆಚ್ಚು ಕೊಡುವುದು ಇಲ್ಲಿ ನಿಜಕ್ಕೂ ಸಾರ್ಥಕ. ಸ್ಪ್ಯಾನರ್‌ಗೂ ಇದೇ ಮಾತು: ಬಾಯಿ ಸಡಿಲವಿದ್ದರೆ ನಟ್‌ನ ಮೂಲೆಗಳು ಉರುಟಾಗುತ್ತವೆ.

ಇಕ್ಕಳವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚುಗಳ ನಡುವೆ ಸಂದು ಕಂಡರೆ ಬಿಡಿ. ಒಳ್ಳೆಯದು ತೆಳು ಕಾಗದವನ್ನೂ ನೀಟಾಗಿ ಕತ್ತರಿಸುತ್ತದೆ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ನಾಗದೇವಿ ಬೀದಿಯಲ್ಲಿ ಬಿಡಿಬಿಡಿಯಾಗಿ ಕೈಯಲ್ಲಿ ಹಿಡಿದು ನೋಡಬಹುದು. ಸೀಲ್ ಮಾಡಿದ ಡಬ್ಬಿಯಲ್ಲಿ ಆ ಅನುಕೂಲ ಎಲ್ಲಿದೆ?

ಒಂದು ವಿಷಯದಲ್ಲಿ ದಯವಿಟ್ಟು ಉಳಿತಾಯ ಬೇಡ: ಕರೆಂಟಿನ ಕೆಲಸ. ಹಿಡಿಗೆ ಪ್ಲಾಸ್ಟಿಕ್ ಹೊದಿಸಿದ ಮಾತ್ರಕ್ಕೆ ಅದು ಇನ್ಸುಲೇಟೆಡ್ (ಕರೆಂಟು ತಡೆಯುವಂಥದ್ದು) ಆಗುವುದಿಲ್ಲ. ಕರೆಂಟಿನ ಕೆಲಸದ ಕೈಉಪಕರಣಗಳಿಗಿರುವ ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡದ ಜೋಡಿ ತ್ರಿಕೋನ, 1000 ವೋಲ್ಟ್ ಗುರುತು ಹುಡುಕಿ. ಗುರುತಿದ್ದರೂ ಮೇನ್ ಸ್ವಿಚ್ ಆಫ್ ಮಾಡಿಯೇ ಕೈಹಾಕಿ.

ಮುಂಬಯಿ ಮಳೆಗಾಲದಲ್ಲಿ ತೆಳು ಲೇಪನದ ಅಗ್ಗದ ಉಪಕರಣ ಬೇಗ ತುಕ್ಕು ಹಿಡಿಯುತ್ತದೆ. ಯಾವುದನ್ನೇ ಕೊಂಡರೂ ಜೂನ್‌ಗೆ ಮೊದಲು ಎಣ್ಣೆ ಸವರಿಡಿ.