ಸಾಲುಗಳ ನಡುವಿನ ಸಾಲ: ಒಂದೇ ರೂಲ್, ನಾಲ್ಕು ಟೂಲ್

ನಮ್ಮ ಪ್ರಾಜೆಕ್ಟಿನಲ್ಲಿ ಹೊರಗಿನ ಸರ್ವಿಸ್‌ಗಳನ್ನು ಕರೆಯಲು ಒಂದು ಹಳೆಯ ಫಂಕ್ಷನ್ ಇದೆ. ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿ) ಕೊಡದಿದ್ದರೂ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಆ ಕಡೆಯಿಂದ ಉತ್ತರ ಬಾರದಿದ್ದರೆ ನಮ್ಮ ರಿಕ್ವೆಸ್ಟ್ ಕಾಯುತ್ತಾ ಕೂರುತ್ತದೆ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲೂ ಇದೇ ಕಥೆ, ತಾನಾಗಿ ಅದು ಯಾವ ಟೈಮ್‌ಔಟನ್ನೂ ಇಡುವುದಿಲ್ಲ. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಇಂಥ ಕೋಡನ್ನು ಸಾಲಕ್ಕೆ ಹೋಲಿಸಿದ್ದರು. ಬೇಗ ತೀರಿಸಿದರೆ ತೊಂದರೆಯಿಲ್ಲ, ಬಿಟ್ಟರೆ ಬಡ್ಡಿ ಬೆಳೆಯುತ್ತದೆ. ನಾವು ಬಿಟ್ಟಿದ್ದೆವು.

ಕೋಡ್ ರಿವ್ಯೂನಲ್ಲಿ ಕಣ್ಣಿಟ್ಟು ನೋಡಿದರೂ ಇದು ತಪ್ಪಿಸಿಕೊಳ್ಳುತ್ತಿತ್ತು. ಹಾಗಾಗಿ 'ಟೈಮ್‌ಔಟ್ ಇಲ್ಲದ ಕರೆ ಬೇಡ' ಎಂಬ ಒಂದೇ ರೂಲನ್ನು ನಾಲ್ಕು ಟೂಲ್‌ಗಳಲ್ಲಿ ಬರೆದು ನೋಡಿದೆ.

ಮೊದಲು ಗ್ರೆಪ್, ಫೈಲುಗಳಲ್ಲಿ ಪದ ಹುಡುಕುವ ಸರಳ ಟೂಲ್. ಐದು ನಿಮಿಷದ ಕೆಲಸ. ಫಂಕ್ಷನ್ ಹೆಸರು ಹುಡುಕುವುದು, ಅದೇ ಸಾಲಿನಲ್ಲಿ ಟೈಮ್‌ಔಟ್ ಇದ್ದರೆ ಬಿಡುವುದು. ಆದರೆ ನಮ್ಮ ಫಾರ್ಮ್ಯಾಟರ್ ಉದ್ದದ ಕರೆಯನ್ನು ನಾಲ್ಕೈದು ಸಾಲುಗಳಿಗೆ ಮುರಿಯುತ್ತದೆ. ಟೈಮ್‌ಔಟ್ ಮೂರನೇ ಸಾಲಿನಲ್ಲಿದ್ದರೆ ಗ್ರೆಪ್ ಸರಿಯಾದ ಕೋಡನ್ನೂ ತಪ್ಪು ಅನ್ನುತ್ತದೆ. ಕಾಮೆಂಟಿನಲ್ಲಿರುವ ಹೆಸರನ್ನೂ ಹಿಡಿಯುತ್ತದೆ. ಒಂದು ವಸ್ತು ಎಲ್ಲಿದೆ ಅಂತ ಕೇಳಲು ಗ್ರೆಪ್ ಸಾಕು. ಎಲ್ಲಿ ಇಲ್ಲ ಅಂತ ಕೇಳಿದರೆ ಅದರ ಕೈಲಿ ಆಗುವುದಿಲ್ಲ.

ಎರಡನೆಯದು ಈಎಸ್‌ಲಿಂಟ್, ಜಾವಾಸ್ಕ್ರಿಪ್ಟ್ ಕೋಡಿನ ತಪ್ಪು ಹುಡುಕುವ ಟೂಲ್. ಅದು ಕೋಡನ್ನು ಕವಲೊಡೆದ ಮರದ ಹಾಗೆ ಓದುತ್ತದೆ, ಸಾಲು ಎಲ್ಲಿ ಮುರಿದಿದೆ ಎನ್ನುವುದು ಅದಕ್ಕೆ ಮುಖ್ಯವಲ್ಲ. ಮೊದಲು ಅದರಲ್ಲೇ ಇರುವ 'ನೋ ರಿಸ್ಟ್ರಿಕ್ಟೆಡ್ ಸಿಂಟ್ಯಾಕ್ಸ್' ರೂಲಿಗೆ ಒಂದು ಸೆಲೆಕ್ಟರ್ (ಯಾವ ರೂಪದ ಕೋಡನ್ನು ಹಿಡಿಯಬೇಕು ಎಂಬ ಸೂತ್ರ) ಕೊಟ್ಟೆ. ಒಂದೇ ಸಾಲಿನ ಕಾನ್ಫಿಗ್, ಚೆನ್ನಾಗೇ ಓಡಿತು. ಆದರೆ ಕರೆಯ ಒಳಗಡೆ ಬೇರೆ ಯಾವುದೋ ಆಬ್ಜೆಕ್ಟಿನಲ್ಲಿ ಟೈಮ್‌ಔಟ್ ಅನ್ನುವ ಹೆಸರಿದ್ದರೂ ಸರಿ ಎಂದು ಬಿಟ್ಟುಬಿಡುತ್ತಿತ್ತು. ಇಂಪೋರ್ಟ್ ಮಾಡುವಾಗ ಹೆಸರು ಬದಲಿಸಿದ್ದರಂತೂ ಕಾಣುತ್ತಲೇ ಇರಲಿಲ್ಲ. ಕೊನೆಗೆ ಜಾವಾಸ್ಕ್ರಿಪ್ಟಿನಲ್ಲಿ ಪೂರ್ತಿ ರೂಲನ್ನೇ ಬರೆದೆ. ಈಎಸ್‌ಲಿಂಟಿನದೇ ಪರೀಕ್ಷಾ ಸಾಧನವಾದ ರೂಲ್‌ಟೆಸ್ಟರ್‌ನಲ್ಲಿ ಸರಿ ಮತ್ತು ತಪ್ಪು ಮಾದರಿಗಳನ್ನು ಕೊಟ್ಟು ಪರೀಕ್ಷಿಸುತ್ತಾ ಹೋದರೆ ಭಯವಿಲ್ಲ. ಫಲ ದೊಡ್ಡದು: ಟೈಪ್ ಮಾಡುತ್ತಿರುವಾಗಲೇ ಎಡಿಟರಿನಲ್ಲಿ ಕೆಂಪು ಗೆರೆ ಬರುತ್ತದೆ. ಆದರೆ ನಮ್ಮ ಅರ್ಧ ಕೋಡ್ ಪೈಥಾನಿನಲ್ಲಿದೆ, ಅಲ್ಲಿಗೆ ಈ ರೂಲ್ ತಲುಪುವುದಿಲ್ಲ.

ನನ್ನ ಮನಸ್ಸಿಗೆ ಹಿಡಿಸಿದ್ದು ಮೂರನೆಯದು, ಹಲವು ಭಾಷೆಗಳ ಕೋಡನ್ನು ಪರೀಕ್ಷಿಸುವ ಸೆಮ್‌ಗ್ರೆಪ್. ಇಲ್ಲಿ ರೂಲ್ ಅಂದರೆ ಹುಡುಕಬೇಕಾದ ಕೋಡಿನ ಹಾಗೇ ಕಾಣುವ ಮಾದರಿ. ಏನು ಬೇಕಾದರೂ ಇರಬಹುದಾದ ಜಾಗದಲ್ಲಿ ಮೂರು ಚುಕ್ಕಿ, ಹೆಸರಿಡಬೇಕಾದ ಭಾಗಕ್ಕೆ ಡಾಲರ್ ಗುರುತು. ಈ ಮಾದರಿ ಹುಡುಕು, ಟೈಮ್‌ಔಟ್ ಇರುವ ಈ ಇನ್ನೊಂದು ಮಾದರಿಯನ್ನು ಬಿಡು. ನಮ್ಮ ರೂಲ್ ಅಷ್ಟೇ, ಒಂದು ಚಿಕ್ಕ ಯಾಮಲ್ (ಸರಳ ಪಠ್ಯದಲ್ಲಿ ಬರೆಯುವ ಕಾನ್ಫಿಗ್) ಫೈಲ್. ಪೈಥಾನಿಗೆ ಇನ್ನೊಂದು ಮಾದರಿ ಬರೆಯಬೇಕಾಯಿತು, ಆದರೆ ಟೂಲ್ ಅದೇ. ಇಂಪೋರ್ಟಿನಲ್ಲಿ ಹೆಸರು ಬದಲಾದರೂ ಅದು ಗುರುತಿಸಿತು.

ಈಎಸ್‌ಲಿಂಟ್ ರೂಲ್ ಬರೆದವನು ನಾನೊಬ್ಬನೇ, ತಿದ್ದುವವನೂ ನಾನೊಬ್ಬನೇ. ಸೆಮ್‌ಗ್ರೆಪ್ ರೂಲನ್ನು ನೋಡಿದ ಸಹೋದ್ಯೋಗಿಯೊಬ್ಬರು ಮರುದಿನವೇ ತಮ್ಮದೊಂದು ರೂಲ್ ಬರೆದು ತಂದರು. ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಮುಖ್ಯ. ಎಲ್ಲಿ ಸಾಲವಿದೆ ಅಂತ ಗೊತ್ತಿರುವುದು ಆ ಭಾಗದಲ್ಲಿ ದಿನವೂ ಕೆಲಸ ಮಾಡುವವರಿಗೆ. ಅವರ ಕೈಗೆ ಸಿಗದ ಟೂಲ್ ಎಷ್ಟು ಚುರುಕಾಗಿದ್ದರೆ ಏನು?

ಇನ್ನೊಂದು ಅನುಕೂಲವನ್ನು ಹೇಳಲೇಬೇಕು. ಮೊದಲ ಸಲ ರೂಲ್ ಓಡಿಸಿದಾಗ ಹಳೆಯ ಕೋಡಿನಿಂದ ಪುಟಗಟ್ಟಲೆ ಎಚ್ಚರಿಕೆಗಳು ಬಂದವು. ಅಷ್ಟನ್ನೂ ತಂಡದ ಮುಂದೆ ಸುರಿದಿದ್ದರೆ ವಾರದೊಳಗೆ ರೂಲನ್ನೇ ಆಫ್ ಮಾಡುತ್ತಿದ್ದರು. ಸೆಮ್‌ಗ್ರೆಪ್‌ಗೆ ಒಂದು ಬೇಸ್‌ಲೈನ್ ಕಮಿಟ್ (ಹೋಲಿಕೆಗೆ ಆಧಾರವಾಗುವ, ಕೋಡಿನ ಹಿಂದಿನ ಒಂದು ದಾಖಲೆ) ಕೊಟ್ಟರೆ ಅದರ ನಂತರ ಸೇರಿದ ತಪ್ಪುಗಳನ್ನಷ್ಟೇ ತೋರಿಸುತ್ತದೆ. ಹೊಸ ಸಾಲ ನಿಂತಿತು. ಹಳೆಯದನ್ನು ಆಯಾ ಫೈಲ್ ಮುಟ್ಟಿದಾಗ ತೀರಿಸುತ್ತಿದ್ದೇವೆ.

ಕೊರತೆಯೂ ಇದೆ. ಆಪ್ಷನ್ಸ್ ಆಬ್ಜೆಕ್ಟ್ ಬೇರೆ ಫೈಲಿನಲ್ಲಿ ತಯಾರಾಗಿ ವೇರಿಯಬಲ್ ಆಗಿ ಬಂದರೆ, ಅದರೊಳಗೆ ಟೈಮ್‌ಔಟ್ ಇದೆಯಾ ಅಂತ ನಾನು ಬಳಸಿದ ಉಚಿತ ಆವೃತ್ತಿಗೆ ಗೊತ್ತಾಗುವುದಿಲ್ಲ. ಈಎಸ್‌ಲಿಂಟ್‌ಗೂ ಇದೇ ಕಷ್ಟ.

ನಾಲ್ಕನೆಯ ಟೂಲ್ ಕೋಡ್‌ಕ್ಯೂಎಲ್ ಗೆದ್ದದ್ದು ಅಲ್ಲೇ. ಅದು ಇಡೀ ಕೋಡನ್ನು ಡೇಟಾಬೇಸ್ ಮಾಡಿಟ್ಟುಕೊಳ್ಳುತ್ತದೆ, ನಾವು ಕ್ವೆರಿ ಬರೆದು ಕೇಳುತ್ತೇವೆ. ವೇರಿಯಬಲ್‌ನ ಒಂದು ವ್ಯಾಲ್ಯೂ ಯಾವ ಫೈಲಿನಲ್ಲಿ ಹುಟ್ಟಿ ಎಲ್ಲೆಲ್ಲಿ ಹಾದು ಬಂತು ಅಂತ ಹಿಂಬಾಲಿಸುತ್ತದೆ. ಉಳಿದ ಮೂರಕ್ಕೂ ಕಾಣದ ಕರೆಗಳನ್ನು ಅದು ತೋರಿಸಿತು. ಆದರೆ ಕ್ವೆರಿ ಭಾಷೆಗೆ ಒಗ್ಗಿಕೊಳ್ಳಲು ನನಗೆ ದಿನಗಳೇ ಬೇಕಾದವು. ಡೇಟಾಬೇಸ್ ಕಟ್ಟಲು ಪ್ರತಿ ಸಲ ಕಾಯಬೇಕು. ಓಪನ್ ಸೋರ್ಸ್ ಕೋಡಿಗೆ ಉಚಿತ, ಕಂಪನಿಯ ಖಾಸಗಿ ಕೋಡಿನ ಮೇಲೆ ನಿತ್ಯ ಓಡಿಸಲು ಲೈಸೆನ್ಸ್ ಬೇಕು. ದೊಡ್ಡ ರಿಪೇರಿಗೆ ಕೈ ಹಾಕುವ ಮುನ್ನ ಒಮ್ಮೆ ಆಳವಾಗಿ ನೋಡಲು ಇದನ್ನು ಬಳಸಿ ಅನ್ನುತ್ತೇನೆ. ಪ್ರತಿ ಪುಲ್ ರಿಕ್ವೆಸ್ಟಿಗೆ (ಹೊಸ ಕೋಡನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗೆ) ನಮಗೆ ಭಾರವಾಯಿತು.

ಈಗ ಸಿಐನಲ್ಲಿ (ಹೊಸ ಕೋಡ್ ಬಂದಾಗಲೆಲ್ಲ ತಾನಾಗಿ ಪರೀಕ್ಷೆ ನಡೆಸುವ ವ್ಯವಸ್ಥೆಯಲ್ಲಿ) ಸೆಮ್‌ಗ್ರೆಪ್ ಓಡುತ್ತದೆ. ಜಾವಾಸ್ಕ್ರಿಪ್ಟ್ ಬರೆಯುವವರ ಎಡಿಟರಿನಲ್ಲಿ ಈಎಸ್‌ಲಿಂಟ್ ರೂಲ್ ಉಳಿದಿದೆ. ನಿಜಕ್ಕೂ ಟೈಮ್‌ಔಟ್ ಬೇಡದ ಕಡೆ 'ನೋಸೆಮ್‌ಗ್ರೆಪ್' ಎಂದು ಕಾಮೆಂಟ್ ಹಾಕಿ, ಪಕ್ಕದಲ್ಲಿ ಕಾರಣ ಬರೆಯಬೇಕು ಅಂತ ಒಪ್ಪಿಕೊಂಡಿದ್ದೇವೆ. ಅಂಥ ಕಾಮೆಂಟುಗಳನ್ನು ತಿಂಗಳಿಗೊಮ್ಮೆ ಹುಡುಕಿ, ಕಾರಣವಿಲ್ಲದವನ್ನು ತೆಗೆಯುತ್ತೇನೆ. ಆ ಹುಡುಕಾಟಕ್ಕೆ ಗ್ರೆಪ್ ಒಂದೇ ಸಾಕು.