ಮೂವತ್ತು ಅಂಕದ ಖಾತರಿ: ಒಂದು ಸ್ಯಾಟ್ ಕೋಚಿಂಗ್‌ನ ವಿಮರ್ಶೆ

ಅಮೆರಿಕದ ಕಾಲೇಜುಗಳ ಪ್ರವೇಶಕ್ಕಾಗಿ ಸ್ಯಾಟ್ ಪರೀಕ್ಷೆಯನ್ನು ಎರಡನೆಯ ಸಲ ಬರೆಯುವವರಿಗೆಂದೇ ನಡೆಸುವ ಎಂಟು ವಾರಗಳ ಆನ್‌ಲೈನ್ ತರಗತಿಯೊಂದಕ್ಕೆ ಮಗಳನ್ನು ಸೇರಿಸಿದ್ದೆ. ಮೊದಲ ಸಲ ಅವಳಿಗೆ 1490 ಬಂದಿತ್ತು. ಕನಿಷ್ಠ 30 ಅಂಕ ಏರಿಸುತ್ತೇವೆ, ಇಲ್ಲವಾದರೆ ಶುಲ್ಕ ಹಿಂತಿರುಗಿಸುತ್ತೇವೆ ಎಂದು ಸಂಸ್ಥೆಯವರು ಖಾತರಿ ಕೊಟ್ಟಿದ್ದರು. ಎರಡನೆಯ ಸಲ ಸರಿಯಾಗಿ 1520 ಬಂತು. ಮಾತು ಉಳಿಸಿಕೊಂಡವರ ಮೇಲೆ ದೂರೇನು ಎಂದು ಕೇಳಬಹುದು. ನನ್ನ ತಕರಾರು ಆ 30 ಅಂಕಕ್ಕೆ ಅವರು ಕೊಟ್ಟ ಮಹತ್ವದ ಬಗ್ಗೆ.

ಪಾಠ ಚೆನ್ನಾಗಿತ್ತು. ಗಣಿತದ ಶಿಕ್ಷಕರಂತೂ ಮಗಳು ಎಡವುತ್ತಿದ್ದ ಜಾಗವನ್ನು ಎರಡೇ ತರಗತಿಗಳಲ್ಲಿ ಗುರುತಿಸಿದರು.

ಆದರೆ 400ರಿಂದ 1600ರವರೆಗೆ ಹತ್ತು ಹತ್ತರಂತೆ ಏರುವ ಈ ಮಾಪನದಲ್ಲಿ 30 ಎಷ್ಟು ದೊಡ್ಡದು ಎಂಬುದನ್ನು ಅವರು ಒಮ್ಮೆಯೂ ಹೇಳಲಿಲ್ಲ. ಅದೇ ವಿದ್ಯಾರ್ಥಿ ಅದೇ ಸಿದ್ಧತೆಯಲ್ಲಿ ಇನ್ನೊಂದು ದಿನ ಬರೆದರೆ ಫಲಿತಾಂಶ ಸುಮಾರು 30–40 ಅಂಕ ಆಚೀಚೆ ಆಗಬಹುದು. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಅಂಕದ ಜೊತೆ ಒಂದು ವ್ಯಾಪ್ತಿಯನ್ನೂ ತಿಳಿಸುವುದು ಇದೇ ಕಾರಣಕ್ಕೆ. ಅಂದರೆ ಖಾತರಿಯ ಏರಿಕೆ, ಏನೂ ಕಲಿಯದೆಯೂ ಆಗಬಹುದಾದ ಏರಿಳಿತದ ಒಳಗೇ ಇದೆ. ನಮ್ಮ ಮನೆಯ ಲೆಕ್ಕವನ್ನೇ ನೋಡಿ: ಗಣಿತ 750ರಿಂದ 790ಕ್ಕೆ ಏರಿತು, ಎಂಟು ವಾರ ಓದಿಸಿದ ಮೇಲೂ ಇಂಗ್ಲಿಷ್ 740ರಿಂದ 730ಕ್ಕೆ ಇಳಿಯಿತು. ಸ್ಯಾಟ್‌ಗೆ ಬದಲಾಗಿ ಬರೆಯಬಹುದಾದ ಎಸಿಟಿ ಪರೀಕ್ಷೆಯೊಂದಿಗೆ ಹೋಲಿಸಲು 2018ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 1490 ಮತ್ತು 1520 ಎರಡಕ್ಕೂ ಸಮನಾದ ಅಂಕ ಒಂದೇ, 34.

ಪ್ರವೇಶ ಸಮಿತಿಗಳು ಇದನ್ನು ಅರಿಯದವೇನಲ್ಲ. 2022ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯಗೊಳಿಸಿದ ಅಮೆರಿಕದ ತಂತ್ರಜ್ಞಾನ ವಿದ್ಯಾಸಂಸ್ಥೆ ಎಂಐಟಿ, ತನ್ನ ಪಾಠಕ್ಕೆ ವಿದ್ಯಾರ್ಥಿ ಸಿದ್ಧ ಎಂದು ಖಚಿತವಾದ ಬಳಿಕ ಅಂಕದತ್ತ ನೋಡುವುದಿಲ್ಲವೆಂದು ಆಗಲೇ ಸ್ಪಷ್ಟಪಡಿಸಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಪ್ರವೇಶ ನಿರ್ಧರಿಸುವಾಗ ಈ ಅಂಕಗಳನ್ನು ಪರಿಗಣಿಸುವುದೇ ಇಲ್ಲ. ಹೀಗಿರುವಾಗ, ಮೊದಲ ತರಗತಿಯಲ್ಲಿ 1500 ಎಂಬುದನ್ನು ಹೆಬ್ಬಾಗಿಲಿನಂತೆ ಬಣ್ಣಿಸಿ ಹದಿನೇಳರ ಮಕ್ಕಳನ್ನು ಹೆದರಿಸಿದ್ದು ನನಗೆ ಸರಿಕಾಣಲಿಲ್ಲ. ಕಾಲೇಜುಗಳು ಪ್ರಕಟಿಸುವ 25 ಮತ್ತು 75ನೆಯ ಪರ್ಸೆಂಟೈಲ್‌ಗಳನ್ನು, ಅಂದರೆ ಸೇರಿದವರಲ್ಲಿ ಶೇಕಡಾ 25 ಮತ್ತು 75 ಮಂದಿ ಯಾವ ಅಂಕಕ್ಕಿಂತ ಕೆಳಗಿದ್ದಾರೆ ಎಂದು ಹೇಳುವ ಸಂಖ್ಯೆಗಳನ್ನು, ಅವರೇ ತೋರಿಸಿದರು. ಆದರೆ ಸೇರಿ ಅಂಕ ಸಲ್ಲಿಸಿದವರಲ್ಲಿ ಕಾಲುಭಾಗದಷ್ಟು ಮಂದಿ ಕೆಳಗಿನ ಸಂಖ್ಯೆಗಿಂತಲೂ ಕಡಿಮೆ ಪಡೆದವರು ಎಂಬ ಮಾತು ಮಾತ್ರ ಬರಲಿಲ್ಲ.

ಸಣ್ಣ ವ್ಯತ್ಯಾಸ ನಿಜಕ್ಕೂ ಲೆಕ್ಕಕ್ಕೆ ಬರುವುದು ಗೆರೆ ಕೊಯ್ದಂಥ ಕಟ್‌ಆಫ್ ಇರುವಲ್ಲಿ. ನಿಗದಿತ ಅಂಕ ದಾಟಿದರೆ ತಾನಾಗಿ ಸಿಗುವ ವಿದ್ಯಾರ್ಥಿವೇತನಗಳಲ್ಲಿ ಹತ್ತು ಅಂಕವೂ ದೊಡ್ಡ ಮೊತ್ತವನ್ನು ತರಬಹುದು ಅಥವಾ ತಪ್ಪಿಸಬಹುದು. ಬೇರೆ ಬೇರೆ ದಿನಗಳ ಉತ್ತಮ ವಿಭಾಗಗಳನ್ನು ಕೂಡಿಸಿ ನೋಡುವ ಕಾಲೇಜುಗಳಲ್ಲಿ ಮಗಳ ಮೊತ್ತ 1530 ಆಗುತ್ತದೆ. ಎರಡನೆಯ ಪ್ರಯತ್ನದಿಂದ ಅಷ್ಟರಮಟ್ಟಿಗೆ ಅನುಕೂಲವಾಯಿತೆಂದು ಒಪ್ಪುತ್ತೇನೆ.

ಗಣಿತದ ತಳಪಾಯವೇ ಅಲುಗಾಡುತ್ತಿರುವ, 1200ರ ಆಸುಪಾಸಿನಲ್ಲಿರುವ ವಿದ್ಯಾರ್ಥಿಗೆ ಈ ತರಗತಿಯನ್ನು ಧಾರಾಳವಾಗಿ ಸೂಚಿಸುವೆ. 1490 ಪಡೆದವರು ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ ಉಚಿತವಾಗಿ ಸಿಗುವ ಅಭ್ಯಾಸ ಪರೀಕ್ಷೆಗಳನ್ನು ಬರೆದುಕೊಂಡರೆ ಸಾಕು. ಎಂಟು ವಾರಾಂತ್ಯಗಳನ್ನು ಇದಕ್ಕೆ ಒಪ್ಪಿಸಿದ್ದರಿಂದ ಕಾಲೇಜು ಅರ್ಜಿಗಾಗಿ ಮಗಳು ಬರೆಯುತ್ತಿದ್ದ ಪ್ರಬಂಧ ಮೊದಲ ಕರಡಿನಲ್ಲೇ ನಿಂತಿದೆ. ಮೂರನೆಯ ಸಲಕ್ಕೆ ರಿಯಾಯಿತಿ ಕೊಡುವುದಾಗಿ ಸಂಸ್ಥೆಯವರು ನಿನ್ನೆ ಕರೆ ಮಾಡಿದ್ದರು, ಬೇಡವೆಂದೆ.